‘ಸೋಫೇರ್’: ಎಣಿಸುವವನೂ ಬರೆಯುವವನೂ

ಅಭ್ಯಾಸ ಮುಗಿಸಿ ಮೊದಲ ಸಭೆಗೆ ನೇಮಕಗೊಂಡ ಸಭಾಪಾಲಕನಿಗೆ ಆಲಯದ ಬೀಗದ ಕೈಗಳ ಜೊತೆಯಲ್ಲಿ ಒಪ್ಪಿಸಲ್ಪಡುವವು ರಿಜಿಸ್ಟರುಗಳು. ದೀಕ್ಷಾಸ್ನಾನದ್ದೊಂದು, ವಿವಾಹದ್ದೊಂದು, ಸಮಾಧಿಯದ್ದೊಂದು, ಸದಸ್ಯರ ಕುಟುಂಬಗಳದ್ದೊಂದು. ಇವುಗಳ ಮೇಲೆ ಕಾಣಿಕೆಯ ಲೆಕ್ಕಪುಸ್ತಕ. ಪ್ರಸಂಗಶಾಸ್ತ್ರಕ್ಕೂ ವ್ಯಾಖ್ಯಾನಶಾಸ್ತ್ರಕ್ಕೂ ವರ್ಷಗಟ್ಟಲೆ ಶ್ರಮಪಟ್ಟು ಬಂದವನಿಗೆ ಈ ಪುಸ್ತಕಗಳು ದೇವರ ಸೇವೆಗೆ ಅಂಟಿಕೊಂಡ ಗುಮಾಸ್ತೆಯ ಕೆಲಸವೆಂದು ತೋರುವುದು ಸಹಜ. ನನಗೂ ಹಾಗೆಯೇ ತೋರಿತ್ತು. ಮೊದಲ ವರ್ಷದ ಕೊನೆಯಲ್ಲಿ ವಾರ್ಷಿಕ ವರದಿಯ ನಮೂನೆಯನ್ನು ತುಂಬಿ ಸಭಾ ಸಮಿತಿಯ ಮುಂದೆ ಓದಿದೆ. ಕುಟುಂಬಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಎರಡು ಕಡಿಮೆಯಾಗಿತ್ತು. ಹಿರಿಯರೊಬ್ಬರು, “ಅಯ್ಯನವರೇ, ಆ ಎರಡು ಮನೆಯವರು ಯಾರು?” ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಕೂಡಿಸುವುದರಲ್ಲಿ ತಪ್ಪಾಗಿರಲಿಲ್ಲ, ಮೊತ್ತ ಸರಿಯಾಗಿಯೇ ಇತ್ತು.

ಇಬ್ರಿಯ ಭಾಷೆಯಲ್ಲಿ ಆ ಹಿರಿಯರ ಪ್ರಶ್ನೆಗೆ ಬಹಳ ಹತ್ತಿರವಾದ ಒಂದು ಪದಕುಟುಂಬವಿದೆ. ಸಾಮೆಖ್, ಪೇ, ರೇಶ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಹುಟ್ಟಿದ ಮಾತುಗಳು ಅವು. ‘ಸಾಫರ್’ ಎಂದರೆ ಎಣಿಸಿದನು. ಅದೇ ಕ್ರಿಯಾಪದದ ತೀವ್ರ ರೂಪವಾದ ‘ಸಿಪ್ಪೇರ್’ ಎಂದರೆ ಸಾಮಾನ್ಯವಾಗಿ ವಿವರಿಸಿ ಹೇಳಿದನು, ಸಾರಿದನು. ‘ಮಿಸ್ಪಾರ್’ ಎಂದರೆ ಸಂಖ್ಯೆ. ‘ಸೇಫೆರ್’ ಎಂದರೆ ಬರಹ, ಪತ್ರ, ಸುರುಳಿ, ಗ್ರಂಥ. ಈ ಎಲ್ಲವುಗಳ ನಡುವೆ ನಿಲ್ಲುವವನು ‘ಸೋಫೇರ್’, ನಮ್ಮ ಹೊಸ ಒಡಂಬಡಿಕೆಯ ಓದಿನಲ್ಲಿ ಶಾಸ್ತ್ರಿಯಾಗಿ ಪರಿಚಿತನಾದವನು. ಎಣಿಸುವುದು, ಬರೆದಿಡುವುದು, ಹೇಳುವುದು ಎಂಬ ಮೂರು ಕೆಲಸಗಳು ಒಂದೇ ಧಾತುವಿನ ಸುತ್ತ ಕೂಡಿರುವುದರಿಂದ ನಮ್ಮ ರಿಜಿಸ್ಟರುಗಳ ವಿಷಯದಲ್ಲಿ ಏನಾದರೂ ತಿಳಿದೀತೇ ಎಂಬುದು ಈ ಲೇಖನದ ಪ್ರಶ್ನೆ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ ಅಗತ್ಯ. 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜೇಮ್ಸ್ ಬಾರ್ ಅವರು, ಒಂದು ಪದದ ಮೂಲಾರ್ಥವನ್ನು ಹಿಡಿದು ಅದು ಬಂದಲ್ಲೆಲ್ಲ ಆ ಅರ್ಥವನ್ನು ತುಂಬುವ ದೇವಶಾಸ್ತ್ರಜ್ಞರ ಅಭ್ಯಾಸವನ್ನು ಕಟುವಾಗಿ ಖಂಡಿಸಿದರು. ಆ ಖಂಡನೆ ಇಂದಿಗೂ ನ್ಯಾಯವಾದದ್ದೇ. ಧಾತು ಪ್ರಸಂಗ ಮಾಡುವುದಿಲ್ಲ. ‘ಸೇಫೆರ್’ ಎಂದು ಉಚ್ಚರಿಸಿದ ಪ್ರತಿಯೊಬ್ಬ ಇಬ್ರಿಯನ ಮನಸ್ಸಿನಲ್ಲೂ ಎಣಿಕೆಯ ನೆನಪು ಇತ್ತೆಂದು ಹೇಳುವಂತಿಲ್ಲ; ‘ಲೆಕ್ಕ’ ಎನ್ನುವ ನಮ್ಮ ಮನಸ್ಸಿನಲ್ಲಿ ಬರಹದ ನೆನಪು ಇರುತ್ತದೆಯೇ? ಆದರೂ ಲೆಕ್ಕ ಎಂಬುದು ಸಂಸ್ಕೃತದ ‘ಲೇಖ್ಯ’ ಎಂಬುದರ ತದ್ಭವ. ಬರೆಯಲ್ಪಟ್ಟದ್ದು ಎಂಬ ಮಾತು ಪ್ರಾಕೃತದ ದಾರಿಯಾಗಿ ಬಂದು ನಮ್ಮಲ್ಲಿ ಎಣಿಕೆಯಾಯಿತು. ಹೀಗೆ ದೂರದ ಎರಡು ಭಾಷೆಗಳಲ್ಲಿ ಬರಹವೂ ಎಣಿಕೆಯೂ ನೆರೆಮನೆಯವಾಗಿರುವುದು ಕುತೂಹಲದ ವಿಷಯವೇ ಹೊರತು ಅದರಿಂದ ಸಿದ್ಧಾಂತ ಹುಟ್ಟುವುದಿಲ್ಲ. ಆದಕಾರಣ ನಾವು ಧಾತುವಿಗಿಂತ ಹೆಚ್ಚಾಗಿ ಎರಡನ್ನು ಗಮನಿಸಬೇಕು: ಆ ಹೆಸರಿನ ಉದ್ಯೋಗದ ಚರಿತ್ರೆ, ಮತ್ತು ಪವಿತ್ರ ಗ್ರಂಥದ ಕರ್ತೃಗಳೇ ಬೇಕೆಂದು ಈ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟ ಸ್ಥಳಗಳು. (ಸೊನ್ನೆಗೆ ಅರಬ್ಬಿಯಲ್ಲಿರುವ ‘ಸಿಫ್ರ್’ ಎಂಬ ಮಾತನ್ನು ಇದರೊಡನೆ ಸೇರಿಸುವ ವಿದ್ಯಾರ್ಥಿಗಳು ಪ್ರತಿವರ್ಷವೂ ಸಿಗುತ್ತಾರೆ. ಅದು ಬೇರೆ ಸಕಾರದಿಂದ ಆರಂಭವಾಗುವ ಬೇರೆ ಧಾತು. ಬರಿದು ಎಂಬುದು ಅದರ ಅರ್ಥ.)

ಪದದ ಹುಟ್ಟಿನ ವಿಷಯದಲ್ಲಿ ವಿದ್ವಾಂಸರು ಏಕಾಭಿಪ್ರಾಯದಲ್ಲಿಲ್ಲ. ಅಕ್ಕಾಡಿಯನ್ ಭಾಷೆಯಲ್ಲಿ ‘ಶಪಾರು’ ಎಂದರೆ ಕಳುಹಿಸು, ಬರೆದು ಕಳುಹಿಸು. ‘ಶಿಪ್ರು’ ಎಂದರೆ ಸಂದೇಶ. ಇಬ್ರಿಯ ‘ಸೇಫೆರ್’ ಅಲ್ಲಿಂದ ಬಂದ ಎರವಲೆಂದು ಹಲವರು ಎಣಿಸುತ್ತಾರೆ. ಹಾಗಿದ್ದರೆ ಪತ್ರವೆಂಬ ಅರ್ಥವೂ ಎಣಿಕೆಯೆಂಬ ಅರ್ಥವೂ ಮೂಲದಲ್ಲಿ ಬೇರೆಬೇರೆಯಾಗಿದ್ದು, ಒಂದೇ ಕಚೇರಿಯಲ್ಲಿ ಕೂತು ಕೂತು ಒಂದಾದವೆಂದೂ ಹೇಳಬಹುದು. ನನಗೆ ಈ ಎರಡನೆಯ ಮಾತು ಹೆಚ್ಚು ಒಪ್ಪಿಗೆಯಾಗುತ್ತದೆ. ಏಕೆಂದರೆ ಬರವಣಿಗೆಯೆಂಬುದೇ ಲೆಕ್ಕದ ಕೋಣೆಯಲ್ಲಿ ಹುಟ್ಟಿದ ವಿದ್ಯೆ. ದಕ್ಷಿಣ ಮೆಸೊಪೊಟೇಮಿಯದ ಉರುಕ್ ಪಟ್ಟಣದಲ್ಲಿ ಸಿಕ್ಕಿರುವ, ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಯ ಮಣ್ಣಿನ ಫಲಕಗಳಲ್ಲಿ ಬಹುಪಾಲು ಧಾನ್ಯ, ಕುರಿ, ಮದ್ಯ, ಕೂಲಿ ಮುಂತಾದವುಗಳ ಲೆಕ್ಕಗಳೇ. ಸ್ತೋತ್ರಗಳೂ ಕಥೆಗಳೂ ಬರಹಕ್ಕೆ ಇಳಿದದ್ದು ಬಹಳ ಕಾಲದ ನಂತರ.

ಇಬ್ರಿಯಕ್ಕೆ ಸಮೀಪದ ಬಂಧುವಾದ ಉಗಾರಿತದ ಭಾಷೆಯಲ್ಲಿ ಈ ಎರಡು ಅರ್ಥಗಳು ಮೊದಲೇ ಜೊತೆಗಿವೆ. ಸಿರಿಯದ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಿಂದ ಬೆಳಕಿಗೆ ಬಂದ ಫಲಕಗಳಲ್ಲಿ ಆಡಳಿತದ ಎಷ್ಟೋ ಪಟ್ಟಿಗಳು ‘ಸ್‌ಪ್‌ರ್’ ಎಂಬ ಮೂರು ವ್ಯಂಜನಗಳಿಂದಲೇ ಆರಂಭವಾಗುತ್ತವೆ. ಅಲ್ಲಿ ಅದಕ್ಕೆ ಪಟ್ಟಿ ಎಂದರ್ಥ. ಬಾಳನ ಮಹಾಕಾವ್ಯದ ಕೊನೆಯಲ್ಲಿ ಲಿಪಿಕಾರನಾದ ಇಲಿಮಿಲ್ಕು ತನ್ನ ಹೆಸರಿನ ಮುಂದೆ ಇಟ್ಟುಕೊಂಡಿರುವ ಪದವೂ ಅದೇ. ಅಖಾತನ ಕಥನಕಾವ್ಯದಲ್ಲಿ ದೇವತೆಯು ಯುವಕನಿಗೆ ಅಮರತ್ವದ ಆಸೆ ತೋರಿಸಿ, ಬಾಳನ ಜೊತೆಯಲ್ಲಿ ವರ್ಷಗಳನ್ನು ಎಣಿಸುವಂತೆ ಮಾಡುವೆನೆಂದು ಹೇಳುವಾಗಲೂ ಅದೇ ಧಾತು ಬರುತ್ತದೆ. ಐಗುಪ್ತದ ಸಾಕ್ಷಿ ಇನ್ನೂ ಸ್ವಾರಸ್ಯವಾದದ್ದು. ಕ್ರಿ.ಪೂ. 13ನೆಯ ಶತಮಾನದ ಮೊದಲನೆಯ ಅನಸ್ತಾಸಿ ಪಪೈರಸ್ಸಿನಲ್ಲಿ ಒಬ್ಬ ಲಿಪಿಕಾರನು ಮತ್ತೊಬ್ಬನನ್ನು ಹೀಯಾಳಿಸುತ್ತಾನೆ: ಇಳಿಜಾರಿನ ದಿಬ್ಬ ಕಟ್ಟಲು ಎಷ್ಟು ಇಟ್ಟಿಗೆ ಬೇಕು, ದಂಡಿಗೆ ಎಷ್ಟು ಆಹಾರ ಬೇಕು ಎಂದು ಲೆಕ್ಕ ಹಾಕಲಾರದವನು ನೀನೆಂಥ ಲಿಪಿಕಾರ ಎಂದು. ಆ ಪತ್ರದಲ್ಲಿ ‘ಬಲ್ಲ ಲಿಪಿಕಾರ’ ಎಂಬುದಕ್ಕೆ ಕಾನಾನಿನ ಮಾತನ್ನೇ, ಅಂದರೆ ‘ಸೋಫೇರ್’ ಎಂಬುದನ್ನೇ, ಐಗುಪ್ತದ ಅಕ್ಷರಗಳಲ್ಲಿ ಬರೆಯಲಾಗಿದೆ.

ಇಸ್ರಾಯೇಲಿನ ಅರಸರ ಆಸ್ಥಾನಕ್ಕೆ ಬಂದಾಗ ಸೋಫೇರನು ಮೊದಲು ಕಾಣಿಸಿಕೊಳ್ಳುವುದು ಅಧಿಕಾರಿಗಳ ಪಟ್ಟಿಯಲ್ಲಿ. ದಾವೀದನ ಆಸ್ಥಾನದಲ್ಲಿ ಒಬ್ಬನು, ಸೊಲೊಮೋನನ ಆಸ್ಥಾನದಲ್ಲಿ ಅಣ್ಣತಮ್ಮಂದಿರಿಬ್ಬರು. ಯೋವಾಷನ ಕಾಲದಲ್ಲಿ ದೇವಾಲಯದ ಪೆಟ್ಟಿಗೆ ತುಂಬಿದಾಗ ಅರಸನ ಸೋಫೇರನೂ ಮಹಾಯಾಜಕನೂ ಬಂದು ಹಣವನ್ನು ಚೀಲಗಳಲ್ಲಿ ಕಟ್ಟಿ ಎಣಿಸುತ್ತಾರೆ (2 ಅರಸು 12). ಯೆರೂಸಲೇಮು ಬಿದ್ದಾಗ ಸೆರೆಸಿಕ್ಕವರಲ್ಲಿ ದಂಡಿಗೆ ಜನರನ್ನು ದಾಖಲು ಮಾಡುತ್ತಿದ್ದ ಸೋಫೇರನೊಬ್ಬನಿದ್ದನು (2 ಅರಸು 25). ಹಣ, ಜನ, ಭೂಮಿ: ಇವೇ ಅವನ ಕೈಯಲ್ಲಿದ್ದ ವಿಷಯಗಳು. ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಊರಿನ ಭೂಮಿಕಾಣಿಗಳ ಲೆಕ್ಕವಿಡುತ್ತಿದ್ದ ಸೇನಬೋವನೇ ಎಷ್ಟೋ ಕಡೆ ದಾನಶಾಸನದ ಪಾಠವನ್ನೂ ಬರೆದು ಕೊನೆಯಲ್ಲಿ ತನ್ನ ಹೆಸರನ್ನು ಕಾಣಿಸಿದ್ದಾನೆ. ಅವನ ಹೆಸರೇ ಮುಂದೆ ಶಾನುಭೋಗ ಎಂದಾಯಿತು. ‘ಶಾಸ್ತ್ರಿ’ ಎಂಬ ಮಾತಿಗಿಂತ ಸೇನಬೋವ, ಕರಣಿಕ ಎಂಬ ಮಾತುಗಳು ಹಳೆಯ ಒಡಂಬಡಿಕೆಯ ಸೋಫೇರನಿಗೆ ಎಷ್ಟೋ ಹತ್ತಿರ.

ಅಂಥವನಿಗೆ ಜನರು ಹೆದರುತ್ತಿದ್ದರು ಎಂಬುದನ್ನೂ ಮರೆಯಬಾರದು. ಶತ್ರುವಿನ ಕಾಟ ತೀರಿದ ಮೇಲೆ ಜನರು ಆಶ್ಚರ್ಯದಿಂದ ನೆನಸಿಕೊಳ್ಳುವ ಭಯಂಕರ ಸಂಗತಿಗಳಲ್ಲಿ ಎಣಿಸುವವನನ್ನೂ, ತೂಗುವವನನ್ನೂ, ಗೋಪುರಗಳನ್ನು ಎಣಿಸಿಕೊಂಡು ಹೋಗುತ್ತಿದ್ದವನನ್ನೂ ಯೆಶಾಯನ ಗ್ರಂಥವು 33ನೆಯ ಅಧ್ಯಾಯದಲ್ಲಿ ಹೆಸರಿಸುತ್ತದೆ. ಅಲ್ಲಿ ಎರಡು ಸಲವೂ ಬಂದಿರುವುದು ಸೋಫೇರ್ ಎಂಬ ಪದವೇ. ನಿನೆವೆಯ ಅರಮನೆಯ ಉಬ್ಬುಚಿತ್ರಗಳಲ್ಲಿ ಅಶ್ಶೂರದ ಲಿಪಿಕಾರರು ಇಬ್ಬಿಬ್ಬರಾಗಿ ನಿಂತು, ಮುಂದೆ ರಾಶಿ ಹಾಕಿದ ವೈರಿಗಳ ತಲೆಗಳನ್ನು ಎಣಿಸಿ ಬರೆದುಕೊಳ್ಳುತ್ತಿರುವುದನ್ನು ಇಂದಿಗೂ ನೋಡಬಹುದು. ಇದಕ್ಕೆ ಎದುರಾಗಿ, ಸೀನಾಯಿಯ ಅರಣ್ಯದಲ್ಲಿ ಮೋಶೆಗೆ ಆದ ಅಪ್ಪಣೆಯಲ್ಲಿ ಜನಗಣನೆಗೆ ಬಳಸಿರುವ ಇಬ್ರಿಯ ನುಡಿಗಟ್ಟು ‘ತಲೆಯನ್ನು ಮೇಲೆತ್ತುವುದು’ ಎಂಬುದಾಗಿದೆ.

ಆ ಅಪ್ಪಣೆಯ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಆ ಗ್ರಂಥದ ಹೆಸರು ಅರಣ್ಯಕಾಂಡ. ಇದು ‘ಅರಣ್ಯದಲ್ಲಿ’ ಎಂಬ ಇಬ್ರಿಯ ಹೆಸರನ್ನು ಅನುಸರಿಸಿದ್ದು. ಇತ್ತೀಚಿನ ಅನುವಾದವು ಗ್ರೀಕ್ ಮತ್ತು ಲತೀನ್ ಸಂಪ್ರದಾಯದಂತೆ ಅದನ್ನು ಸಂಖ್ಯಾಕಾಂಡವೆಂದಿದೆ. ಎರಡೂ ಹೆಸರುಗಳು ಸರಿಯೇ. ಆದರೆ ಗ್ರಂಥದ ಮೊದಲನೆಯ ಅಧ್ಯಾಯ ಕೇಳುವುದು ಬರೀ ಸಂಖ್ಯೆಯನ್ನಲ್ಲ, ‘ಮಿಸ್ಪಾರ್ ಶೇಮೋತ್’ ಎಂಬುದನ್ನು, ಅಂದರೆ ಹೆಸರುಗಳ ಸಂಖ್ಯೆಯನ್ನು. ಗೋತ್ರ, ಕುಟುಂಬ, ಹೆಸರು, ತಲೆ ಎಂಬ ಕ್ರಮದಲ್ಲಿ ಇಳಿದು, ಆಮೇಲೆ 6,03,550 ಎಂಬ ಮೊತ್ತಕ್ಕೆ ಏರುತ್ತದೆ. ಇದು ದಂಡಿನ ಎಣಿಕೆ, ಇಪ್ಪತ್ತು ವರ್ಷ ದಾಟಿದ ಗಂಡಸರ ಎಣಿಕೆ ಎಂಬುದು ನಿಜ. ಹೆಂಗಸರೂ ಮಕ್ಕಳೂ ಅದರಲ್ಲಿಲ್ಲ. ಆ ಮಿತಿಯನ್ನು ಮುಚ್ಚಿಟ್ಟು ಮಾತಾಡಬಾರದು. ವಿಮೋಚನಕಾಂಡದ 30ನೆಯ ಅಧ್ಯಾಯ ಇದಕ್ಕೆ ಇನ್ನೊಂದು ನಿಯಮವನ್ನು ಸೇರಿಸಿದೆ: ಎಣಿಸಲ್ಪಡುವ ಪ್ರತಿಯೊಬ್ಬನೂ ಅರ್ಧ ಶೇಕೆಲನ್ನು ಪ್ರಾಣಕ್ಕಾಗಿ ಈಡಾಗಿ ಕೊಡಬೇಕು, ಐಶ್ವರ್ಯವಂತನು ಹೆಚ್ಚು ಕೊಡಕೂಡದು, ಬಡವನು ಕಡಿಮೆ ಕೊಡಕೂಡದು, ಹೀಗೆ ಮಾಡಿದರೆ ಎಣಿಕೆಯಿಂದ ವ್ಯಾಧಿ ಬರುವುದಿಲ್ಲ. ಎಣಿಕೆಯು ಅಪಾಯದ ಕೆಲಸ ಎಂಬ ತಿಳುವಳಿಕೆ ಇಲ್ಲಿ ಮೊದಲೇ ಇದೆ.

ಆ ಅಪಾಯವು ಬಂದದ್ದು ದಾವೀದನ ಕಾಲದಲ್ಲಿ. 2 ಸಮುವೇಲ 24ನೆಯ ಅಧ್ಯಾಯ ಈ ಕಥೆಯನ್ನು ಹೇಳುವಾಗ ಎಣಿಕೆಗೆ ಇಬ್ರಿಯದಲ್ಲಿರುವ ಮೂರು ಕ್ರಿಯಾಪದಗಳನ್ನೂ ಬಳಸುತ್ತದೆ. ಅರಸನು ಯೋವಾಬನಿಗೆ ಕೊಟ್ಟ ಅಪ್ಪಣೆಯ ಉದ್ದೇಶ ಒಂದೇ, ತಾನು ಜನರ ಮಿಸ್ಪಾರನ್ನು ತಿಳಿಯಬೇಕು. ಹೆಸರುಗಳ ಮಾತಿಲ್ಲ, ಈಡಿನ ಮಾತಿಲ್ಲ. ಯೋವಾಬನಂಥ ಕಠಿಣ ಮನುಷ್ಯನೇ ಬೇಡವೆಂದನು. ಅಪ್ಪಣೆ ಮೀರಲಾರದೆ ಒಂಬತ್ತು ತಿಂಗಳು ಇಪ್ಪತ್ತು ದಿವಸ ದೇಶವನ್ನು ಸುತ್ತಿ ಬಂದು ಲೆಕ್ಕ ಒಪ್ಪಿಸಿದನು: ಇಸ್ರಾಯೇಲಿನಲ್ಲಿ ಎಂಟು ಲಕ್ಷ, ಯೆಹೂದದಲ್ಲಿ ಐದು ಲಕ್ಷ. ಜನರನ್ನು ಎಣಿಸಿದ ಮೇಲೆ ದಾವೀದನ ಹೃದಯ ಅವನನ್ನು ಹೊಡೆಯಿತೆನ್ನುವಲ್ಲಿ ಬಂದಿರುವ ಕ್ರಿಯಾಪದವು ‘ಸಾಫರ್’. ಎಪ್ಪತ್ತು ಸಾವಿರ ಜನರು ವ್ಯಾಧಿಯಿಂದ ಸತ್ತರು. ಮಾಡಿದ ಪಾಪವೇನೆಂದು ಸಮುವೇಲನ ಗ್ರಂಥ ಬಿಡಿಸಿ ಹೇಳುವುದಿಲ್ಲ. ವ್ಯಾಖ್ಯಾನಕಾರರು ಗರ್ವ, ಸೈನ್ಯಬಲದ ಮೇಲಿನ ಭರವಸೆ, ಈಡು ಕೊಡದಿರುವುದು ಎಂದು ಬಗೆಬಗೆಯಾಗಿ ಊಹಿಸಿದ್ದಾರೆ.

ಪೂರ್ವಕಾಲವೃತ್ತಾಂತದ ಕರ್ತೃ ಮಾತ್ರ ಒಂದು ಕಾರಣವನ್ನು ಸೂಚಿಸುತ್ತಾನೆ, ಅದೂ ಯಾರೂ ನೋಡದ ಒಂದು ಮೂಲೆಯಲ್ಲಿ, ಅಧಿಕಾರಿಗಳ ಪಟ್ಟಿಗಳ ನಡುವೆ (1 ಪೂರ್ವಕಾಲ 27:23-24). ಇಸ್ರಾಯೇಲ್ಯರನ್ನು ಆಕಾಶದ ನಕ್ಷತ್ರಗಳಷ್ಟು ಹೆಚ್ಚಿಸುವೆನೆಂದು ಯೆಹೋವನು ಹೇಳಿದ್ದರಿಂದ ದಾವೀದನು ಇಪ್ಪತ್ತು ವರ್ಷದ ಕೆಳಗಿನವರ ಲೆಕ್ಕ ತೆಗೆದುಕೊಳ್ಳಲಿಲ್ಲ. ಯೋವಾಬನು ಎಣಿಸಲಾರಂಭಿಸಿ ಮುಗಿಸಲಿಲ್ಲ. ಆ ಸಂಖ್ಯೆಯು ಅರಸನ ವೃತ್ತಾಂತದ ದಾಖಲೆಯೊಳಗೆ ಸೇರಲಿಲ್ಲ. ಈ ಕೊನೆಯ ಮಾತಿನ ಇಬ್ರಿಯ ಪಾಠ ವಿಚಿತ್ರವಾಗಿದೆ. ‘ಮಿಸ್ಪಾರು ಮಿಸ್ಪಾರಿನೊಳಗೆ ಏರಲಿಲ್ಲ’ ಎಂಬಂತೆ ಅದೇ ಪದ ಎರಡು ಸಲ ಬಂದಿದೆ. ಗ್ರೀಕ್ ಅನುವಾದಕರು ಎರಡನೆಯದನ್ನು ‘ಗ್ರಂಥ’ ಎಂದು ಓದಿದರು. ಅವರ ಮುಂದಿದ್ದ ಪ್ರತಿಯಲ್ಲಿ ‘ಸೇಫೆರ್’ ಎಂದಿದ್ದಿರಬಹುದು. ಒಂದು ಅಕ್ಷರದಷ್ಟು ಅಂತರ. ಅದರ ತೀರ್ಮಾನ ಹೇಗಾದರೂ ಇರಲಿ, ಆ ಗ್ರಂಥಕರ್ತನ ತೀರ್ಪು ಸ್ಪಷ್ಟವಾಗಿದೆ: ಎಲ್ಲ ಎಣಿಕೆಯೂ ದಾಖಲೆಯಾಗಲು ಯೋಗ್ಯವಲ್ಲ. ಆದರೂ ಆ ಸಂಖ್ಯೆ ನಮ್ಮವರೆಗೆ ಬಂದಿದೆ, ಒಂದಲ್ಲ, ಎರಡು ಬಗೆಯಾಗಿ. ಇದೇ ಗ್ರಂಥಕರ್ತನು 21ನೆಯ ಅಧ್ಯಾಯದಲ್ಲಿ ಹನ್ನೊಂದು ಲಕ್ಷವೆಂದೂ ಯೆಹೂದದಲ್ಲಿ ನಾಲ್ಕು ಲಕ್ಷ ಎಪ್ಪತ್ತು ಸಾವಿರವೆಂದೂ ಬರೆದಿದ್ದಾನೆ. ಇಷ್ಟು ಪ್ರಾಣಗಳಿಗೆ ಎರವಾದ ಲೆಕ್ಕವು ಕೊನೆಗೂ ತಾಳೆಯಾಗಲಿಲ್ಲ.

ನಕ್ಷತ್ರಗಳ ಮಾತು ನಮ್ಮನ್ನು ಆದಿಕಾಂಡ 15ಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಅಬ್ರಾಮನಿಗೆ ನಕ್ಷತ್ರಗಳನ್ನು ಎಣಿಸು ಎಂದಾಗ ಬರುವ ಕ್ರಿಯಾಪದ ‘ಸಾಫರ್’. ಮುಂದಿನ ವಚನದಲ್ಲಿ ಅವನ ನಂಬಿಕೆ ನೀತಿಯೆಂದು ಎಣಿಸಲ್ಪಟ್ಟಾಗ ಬರುವುದು ಬೇರೆ ಕ್ರಿಯಾಪದ, ‘ಹಾಷವ್’. ಇಬ್ರಿಯದಲ್ಲಿ ಎರಡಾಗಿರುವುದು ಕನ್ನಡದಲ್ಲಿ ಒಂದೇ. ಲೆಕ್ಕ ಮಾಡುವುದಕ್ಕೂ ಭಾವಿಸುವುದಕ್ಕೂ ನಮಗೆ ‘ಎಣಿಸು’ ಎಂಬ ಒಂದೇ ಮಾತು ಸಾಕು. ಎಣಿಸಲಾಗದಷ್ಟು ಸಂತಾನವುಳ್ಳವನಾಗುವನೆಂಬ ಮಾತಿಗೆ ಒಳಪಟ್ಟವನು ತಾನೇ ದೇವರ ಎಣಿಕೆಯೊಳಗೆ ಸೇರಿದನೆಂಬ ಸೊಗಸು ಮೂಲಕ್ಕಿಂತ ನಮ್ಮ ಭಾಷೆಯಲ್ಲಿ ಹೆಚ್ಚು ತೋರುತ್ತದೆ. ಇಬ್ರಿಯದ ಸಾಫರ್-ಸಿಪ್ಪೇರ್ ಎಂಬ ಜೋಡಿ ನಮ್ಮಲ್ಲಿಲ್ಲ, ಆದರೆ ಜರ್ಮನ್ ಭಾಷೆಯಲ್ಲಿದೆ: ‘ತ್ಸೇಲನ್’ ಎಂದರೆ ಎಣಿಸು, ‘ಎರ್ತ್ಸೇಲನ್’ ಎಂದರೆ ಕಥೆ ಹೇಳು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ತನ್ನ ಕನ್ನಡ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟ್ಟೆಲನಿಗೆ ಈ ಜೋಡಿ ಮಾತೃಭಾಷೆಯದು.

ನನ್ನ ಎರಡು ಕುಟುಂಬಗಳ ವಿಷಯ ಇಲ್ಲಿ ಹೇಳಿಬಿಡಬೇಕು. ವಿಚಾರಿಸಿದಾಗ ಒಂದು ಮನೆಯವರು ಕೂಲಿಯ ದಾರಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದರು. ಇನ್ನೊಂದು ಮನೆಯ ವಿಧವೆ ಊರಲ್ಲೇ ಇದ್ದರು. ಮಗನ ಸಮಾಧಿಯ ಸಮಯದಲ್ಲಿ ಆದ ಒಂದು ಮಾತಿನಿಂದ ನೊಂದು ಆಲಯಕ್ಕೆ ಬರುವುದನ್ನು ಬಿಟ್ಟಿದ್ದರು. ಚಂದಾ ಬಾಕಿಯಾದ್ದರಿಂದ ಯಾರೋ ಅವರ ಹೆಸರನ್ನು ಪಟ್ಟಿಯಿಂದ ತೆಗೆದಿದ್ದರು. ಮಗನ ಹೆಸರು ಸಮಾಧಿಯ ರಿಜಿಸ್ಟರಿನಲ್ಲಿತ್ತು. ಎರಡು ಪುಸ್ತಕಗಳನ್ನೂ ಒಟ್ಟಿಗೆ ತೆರೆದು ನೋಡಿದವರು ಯಾರೂ ಇರಲಿಲ್ಲ. ನಾನೂ ನೋಡಿರಲಿಲ್ಲ.

ಹಣದ ಲೆಕ್ಕವೂ ಗ್ರಂಥವೂ ಒಂದೇ ಕೈಯಲ್ಲಿ ಕೂಡಿದ ದಿನ ಇಸ್ರಾಯೇಲಿನ ಚರಿತ್ರೆಯಲ್ಲಿ ಒಂದಿದೆ. ಯೋಷೀಯನ ಆಳ್ವಿಕೆಯ ಹದಿನೆಂಟನೆಯ ವರ್ಷ, ಅಂದರೆ ಸುಮಾರು ಕ್ರಿ.ಪೂ. 622. ಅರಸನು ಸೋಫೇರನಾದ ಶಾಫಾನನನ್ನು ದೇವಾಲಯಕ್ಕೆ ಕಳುಹಿಸಿದ್ದು ಕೂಡಿಬಂದ ಬೆಳ್ಳಿಯ ಮೊತ್ತ ಮಾಡಿಸುವುದಕ್ಕಾಗಿ, ಕಟ್ಟಡದ ದುರಸ್ತಿಯ ಕೂಲಿಗಾಗಿ (2 ಅರಸು 22). ಕೆಲಸ ಮಾಡಿಸುವವರು ನಂಬಿಗಸ್ತರಾದ್ದರಿಂದ ಅವರಿಂದ ಲೆಕ್ಕ ಕೇಳುವುದು ಬೇಡವೆಂದೂ ಅಪ್ಪಣೆಯಾಗಿತ್ತು. ಅಲ್ಲಿ ಮಹಾಯಾಜಕನಾದ ಹಿಲ್ಕೀಯನು ತನಗೆ ಸಿಕ್ಕಿದ ಸೇಫೆರನ್ನು ಇವನ ಕೈಗೆ ಕೊಟ್ಟನು. ಶಾಫಾನನು ಅದನ್ನು ಓದಿದನು. ಅರಸನ ಬಳಿಗೆ ಹಿಂದಿರುಗಿ ಮೊದಲು ಹಣದ ವರದಿ ಒಪ್ಪಿಸಿದನು. ಅನಂತರ ಹಿಲ್ಕೀಯನು ಒಂದು ಗ್ರಂಥ ಕೊಟ್ಟಿದ್ದಾನೆಂದು ಹೇಳಿ ಓದಿದನು. ಆ ಕ್ರಮವನ್ನು ಕೆಲವು ಪ್ರಸಂಗಿಗಳು ಶಾಫಾನನ ಮಂದಬುದ್ಧಿಯೆಂದು ಟೀಕಿಸುವುದುಂಟು. ನಾನು ಒಪ್ಪುವುದಿಲ್ಲ. ಕಳುಹಿಸಿದ ಕೆಲಸದ ಲೆಕ್ಕ ಮೊದಲು ಒಪ್ಪಿಸುವುದು ಪ್ರಾಮಾಣಿಕನ ನಡತೆ. ಬೆಳ್ಳಿಯಲ್ಲಿ ಪ್ರಾಮಾಣಿಕನಾದವನ ಬಾಯಿಂದಲೇ ಅರಸನು ವಸ್ತ್ರ ಹರಿದುಕೊಳ್ಳುವಂಥ ಆ ಮಾತುಗಳನ್ನು ಕೇಳಿದನು.

ಶಾಫಾನನ ಮನೆತನವನ್ನು ಮುಂದೆಯೂ ಹಿಂಬಾಲಿಸಬಹುದು. ಅವನ ಮಗನಾದ ಅಹೀಕಾಮನು ಯೆರೆಮೀಯನ ಪ್ರಾಣ ಉಳಿಸಿದನು. ಇನ್ನೊಬ್ಬ ಮಗನಾದ ಗೆಮರ್ಯನ ಕೋಣೆಯಲ್ಲಿ ಬಾರೂಕನು ಯೆರೆಮೀಯನ ಸುರುಳಿಯನ್ನು ಜನರಿಗೆ ಓದಿ ಹೇಳಿದನು. ಅದನ್ನು ಅರಸನಾದ ಯೆಹೋಯಾಕೀಮನ ಮುಂದೆ ಓದಿದಾಗ ಅವನು ಮೂರು ನಾಲ್ಕು ಅಂಕಣಗಳಾಗುತ್ತಲೇ ಕತ್ತರಿಸಿ ಬೆಂಕಿಗೆ ಹಾಕುತ್ತಾ ಹೋದನು. ಬೇಡವೆಂದು ಬೇಡಿಕೊಂಡವರಲ್ಲಿ ಗೆಮರ್ಯನೂ ಒಬ್ಬನು. ಕತ್ತರಿಸಲು ಬಳಸಿದ್ದು ಸೋಫೇರನ ಚೂರಿಯನ್ನು ಎಂದು ಯೆರೆಮೀಯ 36 ಹೇಳುತ್ತದೆ. ಬರೆಯುವ ಕಡ್ಡಿಯನ್ನು ಹದ ಮಾಡುವ ಸಾಧನವೇ ಬರಹವನ್ನು ನಾಶಮಾಡಿತು. 1982ರಲ್ಲಿ ಯೆರೂಸಲೇಮಿನ ದಾವೀದನ ಪಟ್ಟಣವೆಂಬ ಸ್ಥಳದಲ್ಲಿ ಯಿಗಾಲ್ ಶಿಲೋ ಅವರ ಉತ್ಖನನ ನಡೆದಾಗ, ಬಾಬಿಲೋನ್ಯರ ಬೆಂಕಿಯಲ್ಲಿ ಸುಟ್ಟ ಒಂದು ಮನೆಯಲ್ಲಿ ಸುಮಾರು ಐವತ್ತು ಮಣ್ಣಿನ ಮುದ್ರೆಗಳು ಸಿಕ್ಕಿದವು. ಅವುಗಳಲ್ಲಿ ಒಂದರ ಮೇಲೆ ಶಾಫಾನನ ಮಗನಾದ ಗೆಮರ್ಯನ ಹೆಸರಿದೆ. ಇವನು ಅವನೇ ಎಂದು ಬಹುಮಂದಿ ವಿದ್ವಾಂಸರು ನಂಬುತ್ತಾರೆ. ಆ ಮುದ್ರೆಗಳು ಕಟ್ಟಿದ್ದ ಪತ್ರಗಳೆಲ್ಲ ಬೂದಿಯಾದವು. ಮಣ್ಣು ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಹೆಸರನ್ನು ಉಳಿಸಿಕೊಂಡಿತು.

ಸೆರೆವಾಸದ ನಂತರ ಸೋಫೇರನ ಸ್ಥಾನ ಬದಲಾಯಿತು. ಲೆಕ್ಕ ಕೇಳಲು ಅರಸನಿರಲಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಚತುರನಾದ ಸೋಫೇರನೆಂದು ಎಜ್ರನನ್ನು ವರ್ಣಿಸಲಾಗಿದೆ. ಇಲ್ಲಿಂದ ಶಾಸ್ತ್ರಿಗಳ ಯುಗ ಆರಂಭವಾಯಿತೆಂದೂ ಹಳೆಯ ಲೆಕ್ಕಿಗನು ಮರೆಯಾದನೆಂದೂ ನಮ್ಮ ಪಠ್ಯಗಳು ಬರೆಯುತ್ತವೆ. ಆದರೆ ಎಜ್ರ 8 ಓದಿರಿ. ದೇವರ ಕಾವಲನ್ನು ನಂಬಿದ್ದೇವೆಂದು ಹೇಳಿಕೊಂಡು ಅರಸನಿಂದ ದಂಡನ್ನು ಬೇಡಲು ನಾಚಿದ ಇದೇ ಮನುಷ್ಯನು, ಹೊರಡುವ ಮುನ್ನ ಬೆಳ್ಳಿಬಂಗಾರಗಳನ್ನು ಹನ್ನೆರಡು ಯಾಜಕರಿಗೆ ತೂಗಿ ಒಪ್ಪಿಸುತ್ತಾನೆ. ಯೆರೂಸಲೇಮಿಗೆ ಬಂದ ನಾಲ್ಕನೆಯ ದಿನ ಎಲ್ಲವನ್ನೂ ಎಣಿಸಿ, ತೂಗಿ, ತೂಕವನ್ನು ಬರೆಯಿಸುತ್ತಾರೆ. ದೇವರನ್ನು ನಂಬುವುದಕ್ಕೂ ತಕ್ಕಡಿ ಹಿಡಿಯುವುದಕ್ಕೂ ಅವನಿಗೆ ವಿರೋಧ ಕಾಣಲಿಲ್ಲ. ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ವಂಶಾವಳಿಯ ಪತ್ರ ಸಿಕ್ಕದ ಕಾರಣ ಯಾಜಕೋದ್ಯೋಗದಿಂದ ದೂರವಿಡಲ್ಪಟ್ಟ ಕುಟುಂಬಗಳ ಮಾತೂ ಇದೆ. ದಾಖಲೆಯು ಬಾಗಿಲು ತೆರೆಯುವಂತೆಯೇ ಮುಚ್ಚುತ್ತದೆ. ಪತ್ರವಿಲ್ಲದವನ ಪರವಾಗಿ ಯಾರೂ ಮಾತಾಡಿದ್ದು ಅಲ್ಲಿ ಬರೆದಿಲ್ಲ.

ಮುಂದಿನ ಶತಮಾನಗಳಲ್ಲಿ ಎಣಿಕೆಯು ಗ್ರಂಥದ ಒಳಗೇ ಪ್ರವೇಶಿಸಿತು. ಪೂರ್ವಿಕರನ್ನು ‘ಸೋಫೆರೀಮ್’ ಎಂದು ಕರೆದದ್ದು ಅವರು ತೋರಾದ ಅಕ್ಷರಗಳನ್ನೆಲ್ಲ ಎಣಿಸುತ್ತಿದ್ದುದರಿಂದ ಎಂದು ಬಾಬಿಲೋನಿನ ತಲ್ಮೂದಿನ ಕಿದ್ದುಶೀನ್ ಭಾಗ ವಿವರಿಸುತ್ತದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಹಿಮ್ಮುಖವಾದ ವ್ಯುತ್ಪತ್ತಿ. ಆದರೆ ತಮ್ಮ ಹೆಸರಿನಲ್ಲಿ ಎಣಿಕೆ ಅಡಗಿದೆಯೆಂದು ಆ ಪರಂಪರೆಯವರೇ ತಿಳಿದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ತೋರಾದ ನಡುವಿನ ಅಕ್ಷರ ಯಾಜಕಕಾಂಡ 11:42ರಲ್ಲಿ ಹೊಟ್ಟೆಯೆಂಬ ಅರ್ಥದ ‘ಗಾಹೋನ್’ ಪದದ ವಾವ್ ಎಂದು ಅವರು ಹೇಳಿದರು. ಇಂದಿಗೂ ಸುರುಳಿಗಳಲ್ಲಿ ಆ ವಾವನ್ನು ದೊಡ್ಡದಾಗಿ ಬರೆಯುತ್ತಾರೆ. ಆ ವಾವ್ ಮೊದಲರ್ಧಕ್ಕೆ ಸೇರಿದ್ದೋ ಎರಡನೆಯದಕ್ಕೋ ಎಂದು ರಾವ್ ಯೋಸೇಫ್ ಕೇಳಿದಾಗ, ಪೂರ್ಣ ಮತ್ತು ಹ್ರಸ್ವ ಕಾಗುಣಿತಗಳಲ್ಲಿ ನಾವು ಈಗ ನಿಪುಣರಲ್ಲ ಎಂಬ ಉತ್ತರ ಬರುತ್ತದೆ. ಇಂದಿನ ಪಾಠವನ್ನು ಎಣಿಸಿದರೆ ನಡುವಿನ ಅಕ್ಷರ ಅಲ್ಲಿ ಬೀಳುವುದೂ ಇಲ್ಲ. ತಮ್ಮ ಎಣಿಕೆಯ ಮಿತಿಯನ್ನು ಎಣಿಕೆಯ ಪಕ್ಕದಲ್ಲೇ ಬರೆದಿಟ್ಟ ಈ ಪ್ರಾಮಾಣಿಕತೆ ನಮ್ಮ ಅಂಕಿಅಂಶಗಳ ವರದಿಗಳಲ್ಲಿ ಅಪರೂಪ. ಮಸೋರೇತರು ಈ ಕೆಲಸವನ್ನು ಮುಂದುವರಿಸಿ ಗ್ರಂಥಗಳ ಕೊನೆಯಲ್ಲಿ ವಚನಗಳ ಮೊತ್ತವನ್ನು ಕಾಣಿಸಿದರು: ಆದಿಕಾಂಡಕ್ಕೆ 1,534, ತೋರಾಕ್ಕೆ ಒಟ್ಟು 5,845. ನಕಲು ಮಾಡುವವನು ಒಂದು ಸಾಲನ್ನು ಬಿಟ್ಟರೆ ಮೊತ್ತವು ಅವನನ್ನು ಹಿಡಿದುಕೊಡುತ್ತಿತ್ತು. ದಾವೀದನ ಎಣಿಕೆ ಸ್ವಾಧೀನಪಡಿಸಿಕೊಳ್ಳುವುದಕ್ಕಾದರೆ ಇವರದು ಏನೂ ಕಳೆದುಹೋಗದಿರುವುದಕ್ಕೆ.

ಗ್ರೀಕ್ ಭಾಷೆಗೆ ಬಂದಾಗ ಸೋಫೇರನು ‘ಗ್ರಮ್ಮತೆಯುಸ್’ ಆದನು. ಅದು ಅಕ್ಷರವೆಂಬ ಮಾತಿನಿಂದ ಬಂದ ಪದ. ಅದರೊಳಗೆ ಎಣಿಕೆಯ ದನಿ ಇಲ್ಲ. ಕನ್ನಡದ ‘ಶಾಸ್ತ್ರಿ’ಯಲ್ಲಿ ಹಣದ ಪೆಟ್ಟಿಗೆಯಂತೂ ಪೂರ್ತಿಯಾಗಿ ಕಣ್ಮರೆಯಾಗಿದೆ. ಅನುವಾದಕರನ್ನು ದೂರಲಾಗದು, ಸುವಾರ್ತೆಗಳ ಶಾಸ್ತ್ರಿಗಳು ಪಂಡಿತರೇ ಆಗಿದ್ದರು. ಲೂಕನ ಎರಡನೆಯ ಅಧ್ಯಾಯದಲ್ಲಿ ಕೈಸರನ ಖಾನೇಷುಮಾರಿಗೆ ಬಳಸಿದ ಗ್ರೀಕ್ ಕ್ರಿಯಾಪದವನ್ನೇ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ಪರಲೋಕದಲ್ಲಿ ಹೆಸರು ಬರೆಸಿಕೊಂಡವರ ಸಭೆಗೆ ಬಳಸುತ್ತದೆಂಬುದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ.

ಕೊನೆಯದಾಗಿ ಕೀರ್ತನೆಗಳು. 56ನೆಯ ಕೀರ್ತನೆಯಲ್ಲಿ ಅಲೆದಾಟವನ್ನು ದೇವರು ಎಣಿಸಿದ್ದಾನೆಂಬುದಕ್ಕೆ ‘ಸಾಫರ್ತಾ’ ಎಂದೂ, ಕಣ್ಣೀರು ದೇವರ ದಾಖಲೆಯಲ್ಲಿದೆಯೆಂಬುದಕ್ಕೆ ‘ಸಿಫ್ರಾ’ ಎಂದೂ ಒಂದೇ ವಚನದಲ್ಲಿ ಕವಿ ಜೋಡಿಸಿದ್ದಾನೆ. ಇದು ಆಕಸ್ಮಿಕವಲ್ಲ, ಅಲೆದಾಟಕ್ಕೂ ಬುದ್ದಲಿಗೂ ಅದೇ ವಚನದಲ್ಲಿ ಇನ್ನೊಂದು ಶಬ್ದಶ್ಲೇಷವಿದೆ. 22ನೆಯ ಕೀರ್ತನೆಯಲ್ಲಿ ಈ ಕ್ರಿಯಾಪದದ ತೀವ್ರ ರೂಪ ಮೂರು ಸಲ ಬರುತ್ತದೆ. ಮೊದಲು 17ನೆಯ ವಚನದಲ್ಲಿ, ಹಿಂಸೆಗೊಳಗಾದವನು ತನ್ನ ಎಲುಬುಗಳನ್ನೆಲ್ಲ ಎಣಿಸಬಹುದೆನ್ನುತ್ತಾನೆ; ವೈರಿಗಳು ನಿಂತು ನೋಡುತ್ತಾರೆ, ಬಟ್ಟೆಗಳನ್ನು ಹಂಚಿಕೊಳ್ಳುತ್ತಾರೆ. ಐದು ವಚನಗಳಾದ ಮೇಲೆ ಅದೇ ಮನುಷ್ಯನು ಅದೇ ಕ್ರಿಯಾಪದದಿಂದ ದೇವರ ಹೆಸರನ್ನು ಸಹೋದರರಿಗೆ ಸಾರುವೆನೆನ್ನುತ್ತಾನೆ. ನಮ್ಮ ಅನುವಾದಗಳು ಒಂದು ಕಡೆ ಎಣಿಸುವುದೆಂದೂ ಇನ್ನೊಂದು ಕಡೆ ತಿಳಿಸುವುದೆಂದೂ ಹೇಳದೆ ಬೇರೆ ದಾರಿಯಿಲ್ಲ. ಶಿಲುಬೆಯ ಮೇಲೆ ಯೇಸು ಈ ಕೀರ್ತನೆಯ ಮೊದಲ ಮಾತನ್ನು ಉಚ್ಚರಿಸಿದನೆಂದು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಸಹೋದರರಿಗೆ ಹೆಸರನ್ನು ಸಾರುವ ಆ ವಚನವನ್ನು ಇಬ್ರಿಯರ ಪತ್ರಿಕೆಯ ಎರಡನೆಯ ಅಧ್ಯಾಯ ಆತನ ಬಾಯಲ್ಲೇ ಇಡುತ್ತದೆ. ಮೂರನೆಯ ಸಲ, 30ನೆಯ ವಚನದಲ್ಲಿ, ಕ್ರಿಯಾಪದವು ಕರ್ಮಣಿಯಲ್ಲಿದೆ: ಕರ್ತನ ವಿಷಯ ಮುಂದಿನ ತಲೆಮಾರಿಗೆ ಹೇಳಲ್ಪಡುವುದು. ಅದರ ಮುಂದಿನ ವಚನದಲ್ಲಿ ಆ ಮಾತನ್ನು ಕೇಳುವವರು ಇನ್ನೂ ಹುಟ್ಟದಿರುವ ಜನರು, ಯಾವ ಪಟ್ಟಿಯಲ್ಲಿಯೂ ಇನ್ನೂ ಸೇರದವರು.